ಹೊಸ್ತಿಲಾಚೆಯ ಬಂದೂಕು

"ಅವ್ವಾ, ಬಂದೆ ಕಣವ್ವ. ಬಿರ್‍ರನೆ ಬಾ, ನಿಂತ್ಕೊಳಕ್ಕೂ ಆಯ್ತಿಲ್ಲ."

ಪುಟ್ಟಸ್ವಾಮಿ ಹೊಸ್ತಿಲಾಚೆ ನಿಂತು ಕೂಗಿದ. ಇಬ್ಬನಿಗೆ ನೆಂದ ಪ್ಯಾಂಟು ಮಂಡಿಗೆ ಅಂಟಿತ್ತು. ಮಂಡಕಳ್ಳಿಯ ವಿಮಾನ ನಿಲ್ದಾಣದ ಆಚೆ ಉಳಿದಿದ್ದ ತುಂಡು ಹೊಲದಲ್ಲಿ ರಾತ್ರಿಯಿಡೀ ಮುಸುಕಿನ ಜೋಳಕ್ಕೆ ಕಾಡುಹಂದಿ ಬೀಳದ ಹಾಗೆ ಕಾದು ಬಂದಿದ್ದಾನೆ. ಇನ್ನು ಮೈ ತೊಳೆದು ಯಾದವಗಿರಿಗೆ ಹೋಗಿ ಲಾಯರ್ ಸಾಹೇಬರ ಕಾರು ಓಡಿಸಬೇಕು. ನಿದ್ದೆ ಅನ್ನುವುದು ಬಾಡೂಟದ ಹಾಗೆ, ಭಾನುವಾರ ಸಿಕ್ಕರೆ ಸಿಕ್ಕಿತು.

ಕೈಯಲ್ಲಿದ್ದದ್ದು ಬೆಳೆ ಕಾಯಲೆಂದು ಲೈಸೆನ್ಸು ಕೊಟ್ಟ ಒಂಟಿ ನಳಿಗೆಯ ಬಂದೂಕು. ಗಾಳಿಗೆ ಹಾರಿಸಿ ಬೆದರಿಸಬೇಕು, ಅಷ್ಟೇ. "ಅಪ್ಪಣೆ ಇಲ್ದೆ ಒಂದು ಹಂದಿ ಸತ್ರೂ ನೀನು ಒಳಗಡೆ" ಎಂದು ಅರಣ್ಯದವರು ಹೇಳಿಯೇ ಹೋಗಿದ್ದರು. ಆ ಮಾತು ಹಂದಿಗಳ ಕಿವಿಗೂ ಬಿದ್ದಿತ್ತೋ ಏನೋ, ಢಂ ಅಂದರೆ ಪಕ್ಕದ ಸಾಲಿಗೆ ಸರಿದು ಮೇಯುತ್ತಿದ್ದವು.

ಅದು ಸರ್ಕಾರದ ಕಾನೂನು. ಮನೆಯ ಕಾನೂನು ಇನ್ನೂ ಬಿಗಿ. ಪುಟ್ಟಸ್ವಾಮಿ ಹುಟ್ಟುವ ಮೊದಲೇ, ಗೋಡೆಗೆ ಒರಗಿಸಿದ್ದ ಬಂದೂಕು ಉರುಳಿ ಸಿಡಿದು ಅವನ ಚಿಕ್ಕಪ್ಪ ಹುಚ್ಚಣ್ಣ ನಡುಮನೆಯಲ್ಲೇ ಸತ್ತಿದ್ದ. ತೋಟಾ ತೆಗೆಯುವುದನ್ನು ಯಾರೋ ಮರೆತಿದ್ದರು. ಅಂದಿನಿಂದ ಮನೆಯ ಹಿರಿ ಹೆಂಗಸು ಬಿಚ್ಚಿದ ನಳಿಗೆಯೊಳಗಿಂದ ಆಕಾಶ ನೋಡಿ "ಬೆಳಕು ಕಾಣ್ತದೆ" ಅನ್ನದೆ ಬಂದೂಕು ಹೊಸ್ತಿಲು ದಾಟುವ ಹಾಗಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಆ ಕೆಲಸ ಅವನ ಅವ್ವ ಕೆಂಚಮ್ಮನದು.

ಕೆಂಚಮ್ಮ ಗೋಡೆ ಹಿಡಿದುಕೊಂಡು ಬಂದಳು. ಅವನು ತೂಕಡಿಸುತ್ತಲೇ ಬಿಚ್ಚಿ ಕೊಟ್ಟ ಬಂದೂಕನ್ನು ಕಣ್ಣಿಗೆ ಹಿಡಿದಳು. "ಬೆಳಕು ಕಾಣ್ತದೆ. ಬಾ ಒಳಕ್ಕೆ."

ಪುಟ್ಟಸ್ವಾಮಿ ಬಂದೂಕು ಮುಚ್ಚಿ ನಡುಮನೆಯ ಗೂಟಕ್ಕೆ ನೇತು ಹಾಕಿದ. ಹೆಂಡತಿ ಇಂದ್ರಮ್ಮ ಕೊಟ್ಟ ಕಾಫಿ ಕುಡಿದ. ಅಂಗಿ ಬಿಚ್ಚುವಾಗ ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು. ತೆಗೆದ ತೋಟಾ ಯಾವಾಗಲೂ ಅಲ್ಲಿರುತ್ತಿತ್ತು. ಇವತ್ತು ಜೇಬು ಖಾಲಿ.

ನಡುಮನೆಯಲ್ಲಿ ಮಗಳು ಸಿಂಚನ ಕಾಲೇಜಿಗೆ ಹೊರಟಿದ್ದಳು. ಅದೇ ಗೂಟದಲ್ಲಿದ್ದ ಅವಳ ಬ್ಯಾಗಿನ ಪಟ್ಟಿ ಬಂದೂಕಿಗೆ ಸಿಕ್ಕಿಕೊಂಡಿತ್ತು. ಹೊತ್ತಾಯಿತೆಂದು ಗೊಣಗುತ್ತಾ ಅದನ್ನು ಜಗ್ಗುತ್ತಿದ್ದಳು.

"ಬುಡೇ! ಕೈ ಬುಡು!"

ಅವನ ಕೂಗಿಗೆ ಹುಡುಗಿ ಬೆಚ್ಚಿ ಗೋಡೆಗೆ ಅಂಟಿಕೊಂಡಳು. ಪುಟ್ಟಸ್ವಾಮಿ ಬಂದೂಕು ಇಳಿಸಿ ಬಿಚ್ಚಿದ. ತೋಟಾದ ಹಿತ್ತಾಳೆ ಬುಡ ಫಳ್ಳನೆ ಹೊಳೆಯಿತು. ಅದನ್ನು ಎಳೆದು ತೆಗೆದು ಮುಷ್ಟಿಯಲ್ಲಿ ಹಿಡಿದ.

"ಅವ್ವಾ, ಏನು ನೋಡ್ದೆ ನೀನು?"

ಕೆಂಚಮ್ಮ ದನಿ ಬಂದ ಕಡೆಗೆ ಗಾಳಿಯಲ್ಲಿ ಕೈ ತಡಕಾಡಿಸಿದಳು.

"ಕಣ್ಣು ಕಾಣಕ್ಕಿಲ್ವ? ಯಾವತ್ತಿಂದ?"

"ಆಯುಧಪೂಜೆಗೂ ಮುಂಚಿಂದ ಬರೀ ಮಂಜು ಕಣಪ್ಪ. ನೀನು ತೋಟಾ ತೆಗ್ದೇ ಬತ್ತೀಯ ಅಂತಿದ್ದೆ."

"ನೀನು ನೋಡ್ತೀಯ ಅಂತ ನಾನು ನೋಡ್ಲಿಲ್ವಲ್ಲವ್ವ! ಮಗಿಗೆ ಏನಾರ ಆಗಿದ್ರೆ?"

"ಒಲೆ ಹತ್ರ ಬರಬ್ಯಾಡ ಅಂದ್ರಿ, ಬುಟ್ಟೆ. ಬಾವಿಕಟ್ಟೆಗೆ ಹೋಗ್ಬ್ಯಾಡ ಅಂದ್ರಿ, ಬುಟ್ಟೆ. ಇದೊಂದು ನಂದು ಅಂತ ಉಳಿದಿತ್ತು ಕಣೋ. ಹೇಳಿದ್ರೆ ಇದೂ ಹೋಗದು." ಕೆಂಚಮ್ಮ ಸೆರಗಿಗೆ ಮುಖ ಒತ್ತಿಕೊಂಡಳು. "ನನ್ನ ಬಾಯಿಗೆ ಮಣ್ಣು ಬೀಳಾ. ಹುಚ್ಚಣ್ಣನ್ನ ಮಲಗಿಸಿದ್ದ ಜಾಗ್ದಲ್ಲೇ ನಿಂತಿತ್ತಲ್ಲ ಮಗು."

ಪುಟ್ಟಸ್ವಾಮಿಗೆ ಕೋಪ ಬಂದಿತ್ತು. ಆದರೆ ಯಾರ ಮೇಲೆ ಅನ್ನುವುದೇ ತಿಳಿಯಲಿಲ್ಲ. "ನಾಳೆಯಿಂದ ಇಂದ್ರಮ್ಮ ನೋಡ್ತಾಳೆ. ಭಾನುವಾರ ಕಣ್ಣಾಸ್ಪತ್ರೆಗೆ ಹೋಗವ" ಎಂದು ಹೇಳಿ ಬಚ್ಚಲಿಗೆ ಹೋದ. ಆ ದಿನ ಮುದುಕಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಇಂದ್ರಮ್ಮ ಒದ್ದೆ ಕೈ ಒರೆಸಿಕೊಂಡು ಬಂದು, ನಳಿಗೆಯೊಳಗೆ ನೋಡಿ, "ಬೆಳಕು ಕಾಣ್ತದೆ, ಬನ್ನಿ" ಅಂದಳು. ಪುಟ್ಟಸ್ವಾಮಿ ಕದಲಲಿಲ್ಲ.

"ಅವ್ವಾ."

"ಅವ್ಳು ನೋಡಿದ್ಲಲ್ಲ, ಬಾರೋ" ಎಂದು ಒಳಗಿನಿಂದ ಕೆಂಚಮ್ಮನ ದನಿ ಬಂತು.

"ನೀನು ಬರಗಂಟ ನಾನು ಒಳಕ್ಕೆ ಬರಾಕಿಲ್ಲ."

ಕಾಲು ಸೋಲುತ್ತಿತ್ತು, ಆದರೂ ನಿಂತ. ಬಹಳ ಹೊತ್ತಿನ ಮೇಲೆ ಕೆಂಚಮ್ಮ ಗೋಡೆ ತಡವುತ್ತಾ ಬಂದಳು. ಅವನು ಅವಳ ಬೆರಳು ಹಿಡಿದು, ಬಿಚ್ಚಿದ ನಳಿಗೆಯ ಬುಡದೊಳಕ್ಕೆ ಇಟ್ಟ. ಅವಳು ಬೆರಳನ್ನು ಒಳಗೆ ಸುತ್ತಲೂ ಆಡಿಸಿದಳು.

"ಖಾಲಿ" ಅಂದಳು. ಆದರೂ ಸಮಾಧಾನವಾಗಲಿಲ್ಲ. "ತೋಟಾ ಎಲ್ಲಿ?"

ಅವನು ಅವಳ ಕೈಯನ್ನು ತನ್ನ ಅಂಗಿಯ ಜೇಬಿನ ಮೇಲೆ ಇಟ್ಟುಕೊಂಡ. ಅವಳು ತೋಟಾವನ್ನು ಒತ್ತಿ ನೋಡಿದಳು. ಆಮೇಲೆ ಆ ಕೈ ಜೇಬು ದಾಟಿ ಅವನ ಪಕ್ಕೆಯ ಎಲುಬುಗಳ ಮೇಲೆ, ಕತ್ತಿನ ಮೇಲೆ, ಗಡ್ಡ ಬೆಳೆದ ಕೆನ್ನೆಯ ಮೇಲೆ ನಿಧಾನವಾಗಿ ಹರಿದಾಡಿತು.

"ಇಷ್ಟೊಂದು ಸೊರಗೋಗಿದ್ದೀಯಲ್ಲೋ ಮಗನೇ" ಅಂದಳು.

ಬಂದೂಕು ಬಾಯಿ ತೆರೆದುಕೊಂಡು ಅವನ ತೋಳಿನಲ್ಲಿ ತೂಗುತ್ತಿತ್ತು. ಅವಳಿನ್ನೂ "ಬಾ ಒಳಕ್ಕೆ" ಅಂದಿರಲಿಲ್ಲ; ಪುಟ್ಟಸ್ವಾಮಿ ಹೊಸ್ತಿಲಾಚೆಯೇ ನಿಂತಿದ್ದ.