ಸುತ್ತಿಗೆ ಇಲ್ಲದ ಕಾರ್ಟೂನು

ಹೊನ್ನಾವರದ ಆ ಮನೆ ಪಾಲಾದಾಗ ನಡುಮನೆಗೆ ಅಡ್ಡವಾಗಿ ಹಲಗೆ ಹೊಡೆದರು. ಕಲ್ಲಿನ ಗೋಡೆ ಏಳುವವರೆಗೆ ಕಾಯುವ ತಾಳ್ಮೆ ಅಣ್ಣತಮ್ಮಂದಿರಿಬ್ಬರಿಗೂ ಉಳಿದಿರಲಿಲ್ಲ. ರಸ್ತೆಯ ಕಡೆಯ ಭಾಗ ಅಣ್ಣ ಮಾಬ್ಲೇಶ್ವರನಿಗೆ ಹೋಯಿತು, ಬಾವಿಯ ಕಡೆಯದು ತಮ್ಮ ಹರೀಶನಿಗೆ. ಪಾತ್ರೆ, ಮಂಚ, ಒರಳುಕಲ್ಲು ಹೇಗೋ ಹಂಚಿಹೋದವು. ಟೀವಿ ಮಾತ್ರ ಒಂದೇ ಇತ್ತು. ಅದು ಇದ್ದಲ್ಲೇ ಉಳಿಯಿತು, ಅಂದರೆ ಅಣ್ಣನ ಪಾಲಿಗೆ.

ಹರೀಶನ ಹೆಂಡತಿ ಜಯಶ್ರೀ ಉಳಿದದ್ದೆಲ್ಲ ಮರೆತಾಳು, ಇದನ್ನು ಮರೆಯುವವಳಲ್ಲ. ಆ ಟೀವಿಯನ್ನು ಕುಮಟೆಯಿಂದ ತನ್ನ ಟೆಂಪೋದಲ್ಲಿ ಹಾಸಿಗೆ ಸುತ್ತಿ, ಕೂಸಿನ ಹಾಗೆ ತಂದವನು ಅವಳ ಗಂಡ. ಈಗ ಹಲಗೆಯ ಆಚೆಯಿಂದ ಅದರ ಸದ್ದು ಮಾತ್ರ ಇವಳ ಪಾಲಿಗೆ. ಓರಗಿತ್ತಿ ಮಾಲತಿ ಬೇಕೆಂದೇ ಸದ್ದು ಏರಿಸುತ್ತಾಳೆ ಎಂದು ಇವಳು, ಜಯಶ್ರೀ ಬೇಕೆಂದೇ ಪಾತ್ರೆ ಕುಕ್ಕುತ್ತಾಳೆ ಎಂದು ಅವಳು. ಇಬ್ಬರೂ ಮಾತು ಬಿಟ್ಟಿದ್ದರು. ಹೇಳಬೇಕಾದದ್ದನ್ನು ಹಲಗೆಗೆ ಹೇಳುತ್ತಿದ್ದರು.

ಮಕ್ಕಳಿಗೆ ಮಾತ್ರ ಈ ಹಲಗೆ ಲೆಕ್ಕಕ್ಕಿರಲಿಲ್ಲ. ಜಯಶ್ರೀಯ ಮಗಳು ಧನ್ಯಾಳಿಗೆ ಆಗ ಏಳು ವರ್ಷ. ಸಂಜೆಯಾದರೆ ಅಂಗಳ ಸುತ್ತಿ ದೊಡ್ಡಮ್ಮನ ಮನೆಗೆ ಓಡುತ್ತಿದ್ದಳು. ಕೇಬಲ್ ಭಾಸ್ಕರ ದಿನಾ ಆ ಹೊತ್ತಿಗೆ ತನ್ನ ಲೋಕಲ್ ಚಾನೆಲ್ಲಿನಲ್ಲಿ ಹಳೆಯ ಕಾರ್ಟೂನಿನ ಕ್ಯಾಸೆಟ್ ಹಾಕುತ್ತಿದ್ದ. ಒಂದು ದಡ್ಡ ಕರಡಿ, ಅದನ್ನು ಗೋಳಾಡಿಸುವ ಒಂದು ಅಳಿಲು. ಅಳಿಲು ಸುತ್ತಿಗೆಯಿಂದ ಕರಡಿಯ ಕೈ ಚಚ್ಚುತ್ತಿತ್ತು. ಕೈ ಕುಂಬಳಕಾಯಿಯಷ್ಟು ಊದಿ ಕೆಂಪಾಗುತ್ತಿತ್ತು. ಕರಡಿ ಕೋವಿ ಹಿಡಿದರೆ ಅದು ಹಿಂದಕ್ಕೇ ಸಿಡಿದು ಮುಖವೆಲ್ಲ ಮಸಿ. ಮರುಕ್ಷಣ ಎಲ್ಲ ಮೊದಲಿನ ಹಾಗೆ. ಧನ್ಯಾ ನೆಲದ ಮೇಲೆ ಹೊರಳಾಡಿ ನಗುತ್ತಿದ್ದಳು.

ಮಾಲತಿಯ ಮಗ ಸುಬ್ರಾಯ ಅವಳಿಗಿಂತ ಎರಡು ವರ್ಷ ದೊಡ್ಡವನು. ರಿಮೋಟು ಅವನ ಕೈಯಲ್ಲಿ. ಇವಳ ನಗು ಏರಿದ ಹೊತ್ತಿಗೆ ಸರಿಯಾಗಿ ಕ್ರಿಕೆಟ್ ಹಾಕಿಬಿಡುತ್ತಿದ್ದ. "ಟೀವಿ ನಮ್ದು. ಬೇಕಾದ್ರೆ ನೋಡು, ಇಲ್ದಿದ್ರೆ ಹೋಗು" ಎನ್ನುತ್ತಿದ್ದ. ಅದು ಒಂಬತ್ತು ವರ್ಷದವನ ಮಾತಲ್ಲ, ಮಾಲತಿಯ ಮಾತು ಎಂದು ಜಯಶ್ರೀಗೆ ಖಾತ್ರಿಯಿತ್ತು.

ತೊಂಬತ್ತೆಂಟರ ಬೇಸಗೆ ರಜೆಯಲ್ಲಿ ಒಂದು ದಿನ ಧನ್ಯಾ ಅಳುತ್ತ ಬಂದಳು. ಜಯಶ್ರೀ ಅವಳನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ತಲೆ ಬಾಚಿದಳು. ಬೇರೆ ದಿನವಾಗಿದ್ದರೆ ಹಲಗೆಗೆ ಕೇಳಲೆಂದೇ ಬೈಯುತ್ತಿದ್ದಳು. ಅವತ್ತು ದನಿ ಏರಿಸಲಿಲ್ಲ. ಸಿಕ್ಕು ಬಿಡಿಸುತ್ತ, ಮಗಳ ಕಿವಿಯ ಹತ್ತಿರ ಹೇಳಿದಳು: "ಅಳೂದ್ ಎಂತಕ್ಕೆ? ಇನ್ನೊಂದ್ ಸಲ ಹಂಗ್ ಮಾಡಿದ್ರೆ ರಿಮೋಟ್ ಹಿಡಿಯೂ ಕೈ ಚಚ್ಚಿ ಹಾಕು. ಆಗ ಬುದ್ಧಿ ಬತ್ತದೆ ಆ ಮನೆಯವ್ರಿಗೆ."

ಮರುದಿನ ಸಂಜೆ ಹಲಗೆಯ ಆಚೆ ಕೇಳಿದ ಕೂಗು ಟೀವಿಯದಲ್ಲವೆಂದು ಜಯಶ್ರೀಗೆ ತಕ್ಷಣ ಗೊತ್ತಾಯಿತು. ಓಡಿಹೋದಳು. ಜಗಲಿಯ ಮೆಟ್ಟಿಲ ಮೇಲೆ ಸುಬ್ರಾಯ ಬಲಗೈಯನ್ನು ಹೊಟ್ಟೆಗೊತ್ತಿಕೊಂಡು ಒರಲುತ್ತಿದ್ದ. ಹರೀಶನ ಟೆಂಪೋದ ಸುತ್ತಿಗೆ ಕೆಳಗೆ ಬಿದ್ದಿತ್ತು. ಧನ್ಯಾ ಅಲ್ಲೇ ನಿಂತಿದ್ದಳು, ಅಳುತ್ತಿರಲಿಲ್ಲ. ಕೇರಿಯ ಹೆಂಗಸರು ಸೇರಿದ್ದರು. ಮಾಲತಿ ಹುಡುಗಿಯ ರಟ್ಟೆ ಹಿಡಿದು ಅಲುಗಾಡಿಸುತ್ತಿದ್ದಳು.

"ಯಾರೇ ಕಲಿಸಿದ್ದು ನಿಂಗೆ ಇದ್ನ? ಹೇಳು! ಯಾರ್ ಕಲಿಸಿದ್ದು?"

ಧನ್ಯಾ ಕತ್ತು ತಿರುಗಿಸಿ ತಾಯಿಯನ್ನು ನೋಡಿದಳು. ಬಾಯಿ ತೆರೆಯುವುದರಲ್ಲಿದ್ದಳು. ಜಯಶ್ರೀ ನಡುವೆ ನುಗ್ಗಿದಳು.

"ಯಾರ್ ಕಲಿಸೂದು? ನಿಮ್ಮನೆ ಟೀವಿ ಕಲಿಸ್ತು!" ಎಂದು ಅವಳೇ ಕಿರುಚಿದಳು. "ದಿನಾ ಆ ಕರಡಿ ಕೈ ಚಚ್ಚೂದು ತೋರಿಸ್ತೀರಿ. ಸಣ್ಣ ಮಕ್ಕಳು ಎಂತ ಮಾಡ್ತಾವೆ ಮತ್ತೆ? ಟೀವಿ ಇಟ್ಕೊಂಡವ್ರಿಗೆ ಎಂತ ಹಾಕ್ಬೇಕು ಅಂತ ಗೊತ್ತಿರ್ಬೇಕು!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದೂ ಹೌದೇ ಮಾರಾಯ್ತಿ" ಎಂದಳು ಒಬ್ಬಳು. ಮಾಲತಿಯ ಕೈ ಸಡಿಲವಾಯಿತು. ಧನ್ಯಾ ತೆರೆದ ಬಾಯಿಯನ್ನು ಮುಚ್ಚಿಕೊಂಡಳು.

ಸುಬ್ರಾಯನನ್ನು ಕುಮಟೆಯ ಮೂಳೆ ಡಾಕ್ಟರ ಹತ್ತಿರ ಒಯ್ದರು. ಎರಡು ಬೆರಳು ಮುರಿದಿದ್ದವು. ಒಂದು ಕೊನೆಗೂ ಸೊಟ್ಟಗೇ ಕೂಡಿತು.

ಜಯಶ್ರೀ ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಸುಮ್ಮನಾದರೆ ಮಾತು ಸುಳ್ಳೆಂದು ಜನ ತಿಳಿದಾರು ಎಂಬ ದಿಗಿಲು. ಮಹಿಳಾ ಮಂಡಳದ ಹೆಂಗಸರನ್ನು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಭಾಸ್ಕರನ ಅಂಗಡಿಗೆ ಹೋದಳು. ಅವನು ಮೊದಲು ನಕ್ಕ.

"ಅಕ್ಕಾ, ಅದು ಬರೀ ಚಿತ್ರ. ಕರಡಿ ಎದ್ದು ಕೂಡ್ತದೆ."

"ನಮ್ಮ ಹುಡುಗನ ಬೆರಳು ಎದ್ದು ಕೂಡ್ಲಿಲ್ವಲ್ಲ!" ಎಂದಳು ಜಯಶ್ರೀ. ಸುಬ್ರಾಯ 'ನಮ್ಮ ಹುಡುಗ'ನಾದದ್ದು ಪಾಲಾದ ಮೇಲೆ ಅದೇ ಮೊದಲು.

ಭಾಸ್ಕರನ ನಗು ನಿಂತಿತು. "ಭಟ್ಕಳದ ಗಲಭೇಲಿ ಆ ವರ್ಷ ಅಷ್ಟು ಜನ ಸತ್ರಲ್ಲ, ಅದು ಯಾವ ಕಾರ್ಟೂನ್ ನೋಡಿ?"

ಹೆಂಗಸರು ತಲೆ ತಗ್ಗಿಸಿದರು. ಜಯಶ್ರೀ ತಗ್ಗಿಸಲಿಲ್ಲ. "ದೊಡ್ಡವ್ರ ಸುದ್ದಿ ಬಿಡು. ನೀ ನಿಲ್ಲಿಸ್ತ್ಯೋ, ನಾವು ಮನೆಮನೆ ಕೇಬಲ್ ಕೀಳಿಸೂದೋ?"

ಭಾಸ್ಕರ ಸೋತ. ಮೊದಲು ಕ್ಯಾಸೆಟ್ಟಿನಿಂದ ಸುತ್ತಿಗೆಯ ದೃಶ್ಯ ಕೊಯ್ದ. ಆಮೇಲೆ ಯಾರೋ ಕೋವಿ ಎಂದರು, ಕೋವಿ ಹೋಯಿತು. ಬೆಂಕಿ ಹೋಯಿತು, ಬಾಂಬು ಹೋಯಿತು. ಕರಡಿ ಬಾಗಿಲಲ್ಲಿ ಬರುತ್ತಿತ್ತು, ಮರುಗಳಿಗೆ ನೆಲದ ಮೇಲೆ ಬಿದ್ದಿರುತ್ತಿತ್ತು. ನಡುವೆ ಏನಾಯಿತೆಂದು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಬೇಸತ್ತು ಆ ಹೊತ್ತಿಗೆ ಭಜನೆ ಹಾಕಿದ. ಮಂಡಳದವರು ಜಯಶ್ರೀಯನ್ನು ಉಪಾಧ್ಯಕ್ಷೆ ಮಾಡಿದರು. ಶಾಲೆಯಲ್ಲಿ ಮೈಕು ಹಿಡಿದು ಅವಳು ಟೀವಿಯ ಕೆಡುಕಿನ ಬಗ್ಗೆ ಮಾತಾಡಿದಳು. ಹೇಳುತ್ತ ಹೇಳುತ್ತ ಅದು ಅವಳಿಗೇ ನಿಜವೆನ್ನಿಸತೊಡಗಿತು.

ಧನ್ಯಾಳಿಗೆ ಏನಾಯಿತೆಂದು ಮಾತ್ರ ಅವಳು ನೋಡಲಿಲ್ಲ. ಕಾರ್ಟೂನು ನಿಲ್ಲಿಸಿದವಳ ಮಗಳೆಂದು ಕೇರಿಯ ಮಕ್ಕಳು ಅವಳನ್ನು ಆಟಕ್ಕೆ ಸೇರಿಸಲಿಲ್ಲ. 'ಸುತ್ತಿಗೆ' ಎಂದು ಕೂಗಿದರು. ಹೈಸ್ಕೂಲಿಗೆ ಹೋದರೂ ಆ ಹೆಸರು ಹಿಂದೆಯೇ ಹೋಯಿತು. ಮಾತು ಕಡಿಮೆಯಾದ ಹುಡುಗಿಯನ್ನು ಜಯಶ್ರೀ "ಶಾಂತ ಸ್ವಭಾವ" ಎಂದು ಹೊಗಳುತ್ತಿದ್ದಳು.

ಎರಡು ಸಾವಿರದ ಆರರ ಮಳೆಗಾಲ. ಅಷ್ಟು ಹೊತ್ತಿಗೆ ಹರೀಶನೂ ಒಂದು ಟೀವಿ ತಂದಿದ್ದ. ಒಂದು ಸಂಜೆ ಜಯಶ್ರೀ ಅಡುಗೆಮನೆಯಲ್ಲಿ ಬಂಗಡೆ ಮೀನು ಹೆಚ್ಚುತ್ತಿದ್ದಳು. ಮಕ್ಕಳ ಚಾನೆಲ್ಲಿನಲ್ಲಿ ಅದೇ ಕರಡಿ ಬಂತು, ಈಗ ಹಿಂದಿಯಲ್ಲಿ ಮಾತಾಡುತ್ತಿತ್ತು. ಧನ್ಯಾ ಕುರ್ಚಿ ಎಳೆದು ಹತ್ತಿರ ಕೂತಳು.

"ಅಮ್ಮಾ, ಇಲ್ಲಿ ಸುತ್ತಿಗೆ ಇತ್ತು. ಇವ್ರೂ ಕೊಯ್ದಿದಾರೆ."

ಜಯಶ್ರೀ ಕೈ ತೊಳೆದು ಬಂದು ನೋಡಿದಳು. ಅಳಿಲು ಕೈ ಎತ್ತಿತು. ಕರಡಿ ಊದಿದ ಕೈ ಹಿಡಿದು ಕುಣಿಯಿತು. ನಡುವಿನದು ಇರಲಿಲ್ಲ.

"ನೋಡು, ದೊಡ್ಡ ದೊಡ್ಡ ಕಂಪನಿಯವ್ರಿಗೂ ಈಗ ಬುದ್ಧಿ ಬಂತು" ಎಂದಳು ಜಯಶ್ರೀ, ಹೆಮ್ಮೆಯಿಂದ. "ನಾ ಅವತ್ತೇ ಹೇಳಿದ್ದೆ. ಇದ್ನ ನೋಡಿಯೇ ಅಲ್ವಾ ನೀ ಹಾಳಾದದ್ದು."

ಧನ್ಯಾ ಟೀವಿ ಆರಿಸಿ ಎದ್ದಳು. ತಾಯಿಯ ಎದುರು ಬಂದು ನಿಂತಳು.

"ಕರಡಿ ಕೈ ಸರಿ ಆಗ್ತದೆ, ಸುಬ್ರಾಯಣ್ಣನ ಕೈ ಸರಿ ಆಗೂದಿಲ್ಲ. ಅದು ನಂಗೆ ಆಗ್ಲೂ ಗೊತ್ತಿತ್ತು, ಅಮ್ಮಾ. ನಾ ಕಾರ್ಟೂನ್ ನೋಡಿ ಹೊಡೀಲಿಲ್ಲ. ನೀ ಹೇಳಿದ್ದಕ್ಕೆ ಹೊಡೆದೆ. ಬಾವಿಕಟ್ಟೆ ಮೇಲೆ ತಲೆ ಬಾಚ್ತಾ ನೀ ಹೇಳ್ಲಿಲ್ವಾ, ಕೈ ಚಚ್ಚಿ ಹಾಕು ಅಂತ?"

"ಸಣ್ಣಕೆ ಮಾತಾಡು!" ಎಂದಳು ಜಯಶ್ರೀ, ಹಲಗೆಯ ಕಡೆ ನೋಡುತ್ತ.

"ಎಂತಕ್ಕೆ ಸಣ್ಣಕೆ?"

ಹಲಗೆಯ ಆಚೆ ಮಾಲತಿಯ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಕೆಸರು ತುಳಿಯುವ ಸದ್ದಾಯಿತು. ಮಾಲತಿ ಬಾಗಿಲಲ್ಲಿ ನಿಂತಿದ್ದಳು. ಕೊಡೆಯಿಲ್ಲದೆ ಬಂದಿದ್ದಳು, ತಲೆಯಿಂದ ನೀರಿಳಿಯುತ್ತಿತ್ತು. ಮನೆ ಪಾಲಾದ ಮೇಲೆ ಆ ಹೊಸ್ತಿಲಿಗೆ ಅವಳು ಬಂದದ್ದೇ ಇರಲಿಲ್ಲ.

"ಇಷ್ಟು ವರ್ಷ ನಂದೇ ತಪ್ಪು ಅಂದ್ಕೊಂಡಿದ್ದೆ" ಎಂದಳು. "ಆ ಟೀವಿ ಹಚ್ಚಿ ಕೊಟ್ಟವ್ಳು ನಾನೇ ಅಲ್ವಾ ಅಂತ. ಅಂವ ಪೆನ್ ಹಿಡೀಲಿಕ್ಕೆ ಒದ್ದಾಡೂದು ನೋಡಿದಾಗೆಲ್ಲ ನನ್ನೇ ಬೈಕೊಂಡೆ. ನಿಂಗೆ ಒಂದಿನ ಆದ್ರೂ ಹೇಳ್ಬೇಕು ಅನ್ನಿಸ್ಲಿಲ್ವನೇ?"

ಜಯಶ್ರೀ ಹೂಂ ಎಂದಿದ್ದರೆ ಸಾಕಿತ್ತು. ಆದರೆ ಎದುರಿಗಿದ್ದವಳು ಮಾಲತಿ. ಅವಳ ಮುಂದೆ ತಲೆ ತಗ್ಗಿಸುವುದೆಂದರೆ!

"ಹುಡುಗಿ ಸುಳ್ಳು ಹೇಳ್ತದೆ" ಎಂದಳು. "ದಿನಾ ಟೀವಿ ನೋಡಿ ಸುಳ್ಳು ಕಲ್ತದೆ."

ಧನ್ಯಾ ತಾಯಿಯನ್ನು ನೋಡಿದಳು. ಈ ಸಲ ಏನೂ ಹೇಳಲು ಬಾಯಿ ತೆರೆಯಲಿಲ್ಲ. ಮಾಲತಿಯೂ ಬೈಯಲಿಲ್ಲ. ಒದ್ದೆ ಸೆರಗು ಹಿಂಡಿಕೊಂಡು, "ಬಾ ಮಗಾ, ನಮ್ಮನೆಗೆ ಹೋಗ್ವ" ಎಂದಳು. ಹುಡುಗಿ ಮಳೆಯಲ್ಲಿ ಅವಳ ಹಿಂದೆ ಇಳಿದು ಹೋದಳು.

ಹರೀಶ ಭಟ್ಕಳದ ಟ್ರಿಪ್ಪು ಮುಗಿಸಿ ಬಂದಾಗ ಬಂಗಡೆಯ ಸಾರು ಕುದಿಯುತ್ತಿತ್ತು. "ಮಗಳೆಲ್ಲಿ?" ಎಂದ.

"ಆಚೆ ಮನೆಲಿ."

ಅವನು ಬೆರಗಾಗಿ ನಿಂತ. "ಎಂತಕ್ಕೆ?"

ಜಯಶ್ರೀ ಹಲಗೆಯ ಹತ್ತಿರ ಹೋಗಿ, "ಧನ್ಯಾ, ಊಟಕ್ಕೆ ಬಾ" ಎಂದು ಕರೆದಳು. ದನಿ ಅವಳಿಗೇ ಅಪರಿಚಿತವೆನಿಸಿತು. ಆಚೆ ತಟ್ಟೆ ಇಡುವ ಸದ್ದಾಯಿತು. ಆಮೇಲೆ ಸುಬ್ರಾಯ, ಈಗ ಗಂಡಸಿನ ಗಂಟಲು, ಹಲಗೆಗೆ ಹತ್ತಿರ ಬಂದು ಹೇಳಿದ:

"ಅವ್ಳು ಬರೂದಿಲ್ಲ ಅಂತೆ, ಚಿಕ್ಕಮ್ಮ. ಇಲ್ಲೇ ಉಣ್ತಾಳೆ."

ಜಯಶ್ರೀ ಹಿಂದಿರುಗಿ ಬಂದು ಒಲೆಯಿಂದ ಸಾರು ಇಳಿಸಿದಳು. ಗಂಡನಿಗೆ ಬಡಿಸಿದಳು. ಅವನು ಮತ್ತೆ ಮತ್ತೆ ಕೇಳಿದ. ಅವಳು, "ಮೀನಿಗೆ ಉಪ್ಪು ಸರಿ ಉಂಟಾ ನೋಡಿ" ಎಂದಷ್ಟೇ ಹೇಳಿದಳು.