ಗುಂಡಿ ನಾಕು, ಕಿಸೆ ನಾಕು

ಗೋವೆಯಿಂದ ಬಂದ ದರ್ಜಿ ಕಾಯ್ತಾನನಿಗೆ ಅವರ್ಸಾ ಊರಿನ ಜನರ ಮೇಲೆ ಒಂದೇ ತಕರಾರು: ಇವರಿಗೆ ಬೇಡ ಅಂದರೆ ತಿಳಿಯುವುದಿಲ್ಲ. ಅವನ ಕೊಂಕಣಿಯಲ್ಲಿ ಬೇಡ ಅನ್ನುವುದಕ್ಕೆ ‘ನಾಕಾ’ ಅನ್ನುತ್ತಾರೆ. ಕಾರವಾರದ ಪೇಟೆಯಲ್ಲೇ ನಿಂತಿದ್ದರೆ ಬೀದಿ ತುಂಬ ಕೊಂಕಣಿ, ಹೇಗೋ ಬದುಕಿಕೊಳ್ಳುತ್ತಿದ್ದ. ಈ ಪುಣ್ಯಾತ್ಮ ಅಂಕೋಲೆಯ ದಾರಿ ಹಿಡಿದು, ಕನ್ನಡ ಬಿಟ್ಟರೆ ಬೇರೆ ಮಾತೇ ಇಲ್ಲದ ಕೇರಿಗೆ ಬಂದು ಕೂತಿದ್ದ. ಇಲ್ಲಿ ನಾಕು ಅಂದರೆ ನಾಲ್ಕು.

ಪಟೇಲ ಹಮ್ಮಣ್ಣ ನಾಯಕರ ಜಗಲಿಯ ಮೂಲೆಯಲ್ಲಿ ಅವನ ಹೊಲಿಗೆ ಮಷೀನು. ಬೆಳಿಗ್ಗೆ ಪಟೇಲರ ಹೆಂಡತಿ ಗಂಗಮ್ಮ ಬಾಳೆಲೆಯಲ್ಲಿ ದೋಸೆ ಹಾಕಿ, “ಇನ್ನೊಂದು ಬೇಕನಾ?” ಅನ್ನುವಳು. “ನಾಕಾ, ಬಾಯೆ,” ಅನ್ನುವನು ಇವನು. ನಾಲ್ಕು ದೋಸೆ ಬೀಳುತ್ತಿದ್ದವು. ಎಲೆಗೆ ಕೈ ಅಡ್ಡ ಹಿಡಿದು “ನಾಕಾ, ನಾಕಾ!” ಅಂದರೆ ಎಂಟು.

“ಹೊಟ್ಟೆ ಅಂದ್ರೆ ಇವಂದು ನೋಡಿ! ನಾಚ್ಕೆ ಬೇರೆ, ಕೈ ಮುಚ್ಕಂಡೇ ಕೇಳ್ತ,” ಅಂತ ಗಂಗಮ್ಮ ಗಂಡನ ಹತ್ತಿರ ನಗಾಡುತ್ತಿದ್ದಳು. ಮೂರು ತಿಂಗಳಲ್ಲಿ ಕಾಯ್ತಾನ ತನ್ನ ಚಡ್ಡಿಯ ಹೊಲಿಗೆಯನ್ನು ತಾನೇ ಎರಡು ಸಲ ಬಿಚ್ಚಿ ಸಡಿಲಿಸಿಕೊಂಡಿದ್ದ.

ಆದರೂ ಊರು ಬಿಡುವ ಮನಸ್ಸಿರಲಿಲ್ಲ. ಹೆಂಡತಿ ಆಂಜೆಲಿನ್ ಗೋವೆಯಲ್ಲಿ ಅಣ್ಣನ ಮನೆಯಲ್ಲಿ ಅತ್ತಿಗೆಯ ಮಾತು ಕೇಳುತ್ತ ಬಿದ್ದಿದ್ದಳು. ಪಟೇಲರ ಹಿತ್ತಲ ಕಡೆಯ ಖಾಲಿ ಕೋಣೆ ಸಿಕ್ಕರೆ ಅವಳನ್ನು ಕರೆತರಬಹುದಿತ್ತು. ಒಂದು ದಿನ ಧೈರ್ಯ ಮಾಡಿ ಅವಳ ಫೋಟೋ ತೋರಿಸಿದ, ಕೋಣೆಯ ಕಡೆ ಬೆರಳು ಮಾಡಿದ, ಕೈ ಮುಗಿದ. ಹಮ್ಮಣ್ಣನವರು ನಕ್ಕು, ಕೋಟಿನ ಬಟ್ಟೆ ತಂದು ಅವನ ಮುಂದಿಟ್ಟು, ಆಮೇಲೆ ಕೋಣೆಯ ಕಡೆ ತಾವೂ ಬೆರಳು ಮಾಡಿದರು. ಮೊದಲು ಕೋಟು, ಆಮೇಲೆ ಕೋಣೆ. ಅಷ್ಟು ಕನ್ನಡ ಯಾರಿಗಾದರೂ ತಿಳಿಯುತ್ತದೆ.

“ಗುಂಡಿ ನಾಕು, ಕಿಸೆ ನಾಕು,” ಅಂದರು ಪಟೇಲರು. ಬಾಯಿ ತುಂಬ ಕವಳ. ಕೊನೆಯ ಅಕ್ಷರ ಎಲೆಯಡಿಕೆಯ ರಸದಲ್ಲೇ ಮುಳುಗಿತು.

ಗುಂಡಿ, ಕಿಸೆ, ತೋಳು, ಇಂಥ ಕಸುಬಿನ ಮಾತುಗಳನ್ನು ಕಾಯ್ತಾನ ಕಲಿತಿದ್ದ, ಎಣಿಕೆ ಮಾತ್ರ ಇನ್ನೂ ಬಂದಿರಲಿಲ್ಲ. ಹಾಗಾಗಿ ಕಣ್ಣು ಕಣ್ಣು ಬಿಟ್ಟ. ಗುಂಡಿಯೂ ಬೇಡ, ಕಿಸೆಯೂ ಬೇಡ! ಇದೆಂಥ ಕೋಟು ದೇವರೇ? ರಾತ್ರಿಯೆಲ್ಲ ಯೋಚಿಸಿದ. ಗುಂಡಿಯೇ ಇಲ್ಲದ ಮೇಲೆ ಮುಂದುಗಡೆ ತೆರೆದಿಟ್ಟು ಏನು ಮಾಡುವುದು? ಕುತ್ತಿಗೆಯಿಂದ ಕೆಳಗಿನವರೆಗೆ ಎರಡೆಳೆ ಹೊಲಿಗೆ ಹಾಕಿ ಗಟ್ಟಿಯಾಗಿ ಮುಚ್ಚಿಬಿಟ್ಟ.

ಅದು ಉಪ್ಪಿನ ಗಲಾಟೆಯ ವರ್ಷ. ಸರಕಾರದ ಕಾಯ್ದೆ ಮುರಿದು ಕಡಲದಂಡೆಯಲ್ಲಿ ಉಪ್ಪು ಮಾಡಿದವರು ಯಾರು ಅಂತ ಕೇಳಲು ಕಾರವಾರದಿಂದ ಸಾಹೇಬರು ಬರುವವರಿದ್ದರು. ತೋರಿಸಿಕೊಡಬೇಕಾದವರು ಪಟೇಲರು. ಮಾಡಿದವರೋ, ಅವರ ಭಾವಂದಿರು, ಅಳಿಯಂದಿರು. ಕಾಯ್ತಾನನಿಗೆ ಇದರ ತಲೆಬುಡ ಗೊತ್ತಿಲ್ಲ. ಪಟೇಲರು ಎರಡು ದಿನದಿಂದ ಅನ್ನ ಬಿಟ್ಟದ್ದು ಕೋಟಿನ ಚಿಂತೆಗೇ ಅಂತ ಹೆದರಿ ಬೇಗ ಬೇಗ ಮುಗಿಸಿ ಕೊಟ್ಟ.

ಸಾಹೇಬರ ಮೋಟಾರು ಅಂಗಳಕ್ಕೆ ಬಂದಾಗ ಪಟೇಲರು ಗಡಿಬಿಡಿಯಲ್ಲಿ ಕೋಟನ್ನು ತಲೆಯ ಮೇಲಿಂದ ಇಳಿಸಿಕೊಳ್ಳುತ್ತಿದ್ದರು. ಹೊಟ್ಟೆಯ ಹತ್ತಿರ ಬಂದು ಕೋಟು ಕಚ್ಚಿಕೊಂಡಿತು. ತಲೆ ಒಳಗೇ ಉಳಿಯಿತು, ಎರಡು ಕೈ ಹೆಂಚಿನ ಮಾಡಿನ ಕಡೆ ನೆಟ್ಟಗೆ ನಿಂತವು.

“ಪಟೇಲರೇ, ಹೆಸರು ಹೇಳಿ,” ಅಂದರು ಸಾಹೇಬರು.

ಒಳಗಿನಿಂದ “ಉಂ, ಉಂ” ಅಂತ ಕೇಳಿತು.

“ಹೋಗಲಿ, ಕೈ ಮಾಡಿ ತೋರಿಸಿ.”

ಕೈಗಳು ಮಾಡನ್ನೇ ತೋರಿಸುತ್ತಿದ್ದವು. ಒಬ್ಬ ಪೊಲೀಸಿನವನು ಏಣಿ ತರಿಸಿ ಮೇಲೆ ಹತ್ತಿ ನೋಡಿದ. ಅಲ್ಲಿದ್ದದ್ದು ಒಂದು ಬೆಕ್ಕು.

ಕಾಯ್ತಾನನ ಜೀವ ಬಾಯಿಗೆ ಬಂತು. ಕತ್ತರಿ ಹಿಡಿದು ಓಡಿದ. ಪಟೇಲರಿಗೆ ಅಷ್ಟರಲ್ಲಿ ಈ ಕೋಟಿನ ಬೆಲೆ ತಿಳಿದುಬಿಟ್ಟಿತ್ತು. ಕತ್ತರಿಯ ಸದ್ದು ಕೇಳಿದ್ದೇ ಕಾಲಲ್ಲಿ ಝಾಡಿಸಿ ಒದ್ದರು. ಸಾಹೇಬರು ಎರಡು ಎಳನೀರು ಕುಡಿಯುವಷ್ಟು ಹೊತ್ತು ಕಾದು, ಹಣೆ ಚಚ್ಚಿಕೊಂಡು ಹೊರಟುಹೋದರು.

ಮೋಟಾರಿನ ಧೂಳು ಅಡಗಿದ ಮೇಲೆ ಗಂಗಮ್ಮ ತೋಳು ಹಿಡಿದು ಗಂಡನನ್ನು ಕೋಟಿನಿಂದ ಹೊರಗೆಳೆದಳು. ಹಮ್ಮಣ್ಣನವರ ಮುಖ ಕೆಂಪಗೆ, ಕಣ್ಣಲ್ಲಿ ಧಾರಾಕಾರ ನೀರು. ನಕ್ಕೂ ನಕ್ಕೂ ಬಂದ ನೀರು ಅದು, ಆದರೆ ಒದೆ ತಿಂದವನಿಗೆ ಹೇಗೆ ಗೊತ್ತಾಗಬೇಕು? ಮೊದಲು ಒಂದು ಕವಳ ಬಾಯಿಗೆ ತುಂಬಿ, ಕಾಯ್ತಾನನ ಬೆನ್ನಿಗೆ ದಬದಬ ಬಾರಿಸಿದರು.

“ನಮ್ಮ ಮಾನ ಉಳಿಸ್ದೆ ಮಾರಾಯಾ! ಇಂಥ ಕೋಟು ಇನ್ನೂ ನಾಕು! ನಾಕು!”

ಕೋಟು, ನಾಕಾ. ಇವನಿಗೆ ಕೇಳಿದ್ದು ಅಷ್ಟೇ. ಒಳಗೆ ಗಂಗಮ್ಮ ಆಗಲೇ ಹಿತ್ತಲ ಕೋಣೆ ಗುಡಿಸತೊಡಗಿದ್ದಳು. ಬೇರೆ ಯಾರಿಗೋ ಕೊಡುತ್ತಾರೆ ಅಂದುಕೊಂಡ. ಆಂಜೆಲಿನ್‌ಳ ಮುಖ ನೆನಪಾಯಿತು. ಮಷೀನನ್ನು ಬಟ್ಟೆಯಲ್ಲಿ ಸುತ್ತಿ, ತಲೆಯ ಮೇಲಿಟ್ಟುಕೊಂಡು, ಕಾರವಾರದ ರಸ್ತೆಗೆ ಇಳಿದ.

ಪಟೇಲರು ಅಂಗಳಕ್ಕೆ ಬಂದು ನೋಡಿದರೆ ದರ್ಜಿ ಆಗಲೇ ದೂರ ಹೋಗಿದ್ದ.

“ಅಯ್ಯೋ, ಹೆಂಡ್ತಿನ ಕರ್ಕಬರೂಕೆ ಈಗ್ಲೇ ಹೊರಟ! ಎಂಥ ಅವಸರ ನೋಡೆ,” ಅಂತ ಗಂಗಮ್ಮನಿಗೆ ಹೇಳಿ, ಉಟ್ಟ ಪಂಚೆ ಎತ್ತಿ ಕಟ್ಟಿ, ಆ ಭಾರಿ ಹೊಟ್ಟೆ ಹೊತ್ತು ಗದ್ದೆಗಳ ನಡುವಿನ ಹಾಳಿಯ ಮೇಲೆ ಓಡಿದರು. ಉಸಿರು ಕಟ್ಟುವವರೆಗೆ ಓಡಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು, “ಕಾಯ್ತಾನಾ! ನಾಕು ದಿನ! ನಾಕೇ ದಿನ! ತಡ ಮಾಡಬೇಡ್ವೋ!”

ಗಾಳಿಯಲ್ಲಿ ಬಂದದ್ದು ಒಂದೇ ಮಾತು, ಎರಡೆರಡು ಸಲ. ಒಮ್ಮೆ ಹೇಳಿದ್ದು ಸಾಲದೆ ಬೆನ್ನಟ್ಟಿ ಬಂದು ಬೇಡ ಅನ್ನಬೇಕೇ ಇವರು? ಕಾಯ್ತಾನ ತಿರುಗಿ ನೋಡಲಿಲ್ಲ. ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು ಇನ್ನೂ ಬಿರುಸಾಗಿ ಹೆಜ್ಜೆ ಹಾಕಿದ.