ಪರೀಕ್ಷಾ ಪ್ರಸಂಗ

“ಪ್ರಶ್ನೆಗಳಿದ್ದರೆ ಕೇಳಬಹುದು,” ಎಂದುಬಿಟ್ಟ.

ಮಾತು ಬಾಯಿಂದ ಬಿದ್ದ ಮೇಲೆ, ತಾನು ನಿಂತಿರುವುದು ತರಗತಿಯಲ್ಲಲ್ಲ, ಚರ್ಚಿನ ಪ್ರಸಂಗಪೀಠದಲ್ಲಿ ಎಂಬುದು ನೆನಪಾಯಿತು. ದೈವಜ್ಞಾನ ಕಾಲೇಜಿನಲ್ಲಿ ಪಾಠ ಮುಗಿದಾಗಲೆಲ್ಲ ಹೇಳಿ ಹೇಳಿ ರೂಢಿಯಾದ ಮಾತು. ಇಲ್ಲಿ ಹೇಳಬೇಕಾಗಿದ್ದದ್ದೇ ಬೇರೆ. ದನಿ ತಗ್ಗಿಸಿ, ಎಲ್ಲರೂ ಕಣ್ಣು ಮುಚ್ಚಿರಿ ಎಂದು, ದೇವರಿಗೆ ಹೃದಯ ಒಪ್ಪಿಸುವವರು ಎದ್ದು ಮುಂದೆ ಬನ್ನಿರಿ ಎಂದು ಕರೆಯಬೇಕಾಗಿತ್ತು. ಎಷ್ಟು ಜನ ಎದ್ದು ಬರುತ್ತಾರೋ ಅಷ್ಟು ಪ್ರಸಂಗಿಯ ಬೆಲೆ. ಕರೆಯುವುದು ಹೇಗೆಂದು ಅವನೇ ಮೂರು ಅಂಶಗಳಲ್ಲಿ ಪಾಠ ಮಾಡುತ್ತಿದ್ದ. ಹುಟ್ಟು ಸಾವುಗಳನ್ನೂ ಮೂರಂಶಗಳಲ್ಲೇ ಹೇಳುತ್ತಿದ್ದುದರಿಂದ ವಿದ್ಯಾರ್ಥಿಗಳು ಅವನಿಗೆ ಮೂರಂಶ ಎಂದೇ ಹೆಸರಿಟ್ಟಿದ್ದರು.

ಯಾರೋ ಕೆಮ್ಮಿದರು. ಕರೆಯ ಹಾಡಿಗೆಂದು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದಿದ್ದ ಹೆಂಗಸು ಬೆರಳು ತೆಗೆದಳು. ಮೊದಲ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಕೈಚೀಲದ ಜಿಪ್ಪನ್ನು ಅತ್ತಿತ್ತ ಎಳೆಯತೊಡಗಿದಳು.

ಆಗ ಕೊನೆಯ ಸಾಲಿನಲ್ಲಿ ಒಬ್ಬ ಮುದುಕಿ ಕೈ ಎತ್ತಿದಳು.

“ಪ್ರಾರ್ಥನೆ ಬಗ್ಗೆ ಇಷ್ಟೊತ್ತು ಹೇಳಿದ್ರಿ. ನೀವು ಪ್ರಾರ್ಥನೆ ಮಾಡ್ದಾಗ ದೇವರು ನಿಮ್ಹತ್ರ ಮಾತಾಡ್ತಾನಾ?” ಎಂದಳು. ಮತ್ತೆ, “ನನ್ಹತ್ರ ಮಾತಾಡಲ್ಲ. ಅದಕ್ಕೆ ಕೇಳ್ದೆ,” ಎಂದಳು.

ಅದರಲ್ಲಿ ಕೊಂಕಿರಲಿಲ್ಲ. ಬಸ್ಸು ಇಲ್ಲಿ ನಿಲ್ಲುತ್ತದೆಯೇ ಎಂದು ಕೇಳುವವರ ದನಿ. ಅವನೊಳಗಿನ ಮೇಷ್ಟ್ರು ಎದ್ದು ನಿಂತ. ಪ್ರಾರ್ಥನೆ ಎಂಬುದಕ್ಕೆ ಗ್ರೀಕಿನಲ್ಲಿರುವ ಪದಗಳನ್ನು ಹೇಳಿದ, ಅವುಗಳ ಛಾಯೆಗಳನ್ನು ಬಿಡಿಸಿದ, ದೇವರ ಮೌನದ ಬಗ್ಗೆ ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯವನ್ನೂ ವಿವರಿಸಿದ. ಎಣಿಸಿದಂತೆ ಮೂರಂಶಗಳಾದವು. ಮುದುಕಿ ವಿನಯದಿಂದ ತಲೆಯಾಡಿಸಿ ಕೂತಳು. ಕರೆ ಕೊಡುವುದು ಮರೆತೇಹೋಯಿತು.

ಪಾಸ್ಟರ್ ಬಂದು ಮೈಕು ತೆಗೆದುಕೊಂಡು, “ಗುರುಗಳು ನಮಗೆ ತುಂಬಾ ವಿಷಯ ಕೊಟ್ರು,” ಎಂದ. ಪಾಸ್ಟರ್ ಇವನ ಹಳೆಯ ವಿದ್ಯಾರ್ಥಿ. ‘ಅಳುತ್ತಾನೆ, ಅಳಿಸುತ್ತಾನೆ, ಆಧಾರ ಕೊಡುವುದಿಲ್ಲ’ ಎಂದು ಷರಾ ಬರೆದು ಪ್ರಸಂಗಶಾಸ್ತ್ರದಲ್ಲಿ ಇವನೇ ಅವನನ್ನು ಫೇಲು ಮಾಡಿದ್ದ. ಅಳುತ್ತ ಅಳಿಸುತ್ತಲೇ ಅವನು ಈ ಸಭಾಂಗಣ ಕಟ್ಟಿಸಿದ. ಈಗ ಇನ್ನೂ ದೊಡ್ಡ ಚರ್ಚಿನ ಸಭೆಗೆ ಪಾಸ್ಟರಾಗಿ ಹೊರಟಿದ್ದಾನೆ. ತನ್ನ ಜಾಗಕ್ಕೆ ಗುರುಗಳ ಹೆಸರು ಸೂಚಿಸಿದವನೂ ಅವನೇ. ಅದು ಸೇಡೋ ಔದಾರ್ಯವೋ ಇವನಿಗೆ ತಿಳಿಯದು. ಸೇಡಾಗಿದ್ದರೆ ಸಹಿಸಬಹುದಿತ್ತು.

ಪರೀಕ್ಷಾ ಪ್ರಸಂಗ ಕೇಳಿದ ಸಭೆ ಇವನು ತಮ್ಮ ಪಾಸ್ಟರಾಗಬೇಕೋ ಬೇಡವೋ ಎಂದು ಮತ ಹಾಕುವಾಗ ಅಭ್ಯರ್ಥಿ ಅಲ್ಲಿರಬಾರದೆಂಬುದು ಪದ್ಧತಿ. ಸಭೆಯ ಹಿರಿಯರೊಬ್ಬರು ಗಂಡಹೆಂಡಿರನ್ನು ಸಭಾಂಗಣದ ಹಿಂಬದಿಯ ತಾಯಂದಿರ ಕೋಣೆಗೆ ಕರೆದೊಯ್ದರು. ಆರಾಧನೆಯ ವೇಳೆ ರಚ್ಚೆ ಹಿಡಿದ ಮಕ್ಕಳನ್ನು ಎತ್ತಿಕೊಂಡು ಬಂದು ಕೂರುವ ಜಾಗ ಅದು. ಗೋಡೆಯ ಮೇಲೊಂದು ಸ್ಪೀಕರು, ಎದುರಿಗೆ ದೊಡ್ಡ ಗಾಜು. ಒಳಗಿನಿಂದ ಸಭೆಯೆಲ್ಲ ಕಾಣುತ್ತದೆ. ಹಾಲುಣಿಸುವವರಿಗೆ ಸಂಕೋಚವಾಗಬಾರದೆಂದು ಸಭೆಯ ಕಡೆಯಿಂದ ಅದನ್ನು ಕನ್ನಡಿ ಮಾಡಿಸಿದ್ದರು.

“ಒಪ್ಪಿಗೆ ಇರೋರು ಮೊದಲು ಕೈ ಎತ್ತುತ್ತಾರೆ, ಇಲ್ದೋರು ಆಮೇಲೆ,” ಎಂದರು ಹಿರಿಯರು. “ಸ್ಪೀಕರ್ ಆಫ್ ಮಾಡಿಸಿದೀನಿ. ಹಿಂದೊಬ್ರು ಎಲ್ಲಾ ಕೇಳಿಸ್ಕೊಂಡು ಅತ್ತುಬಿಟ್ರು.”

ಬಾಗಿಲು ಮುಚ್ಚಿತು. ಮಕ್ಕಳ ಪುಡಿಯ ವಾಸನೆ. ಹೆಂಡತಿ ತೂಗುವ ಕುರ್ಚಿಯಲ್ಲಿ ಕೂತು, ಅದು ತೂಗದಂತೆ ಕಾಲೂರಿಕೊಂಡಳು.

ಬರುವ ವರ್ಷದಿಂದ ಕಾಲೇಜಿನಲ್ಲಿ ಅವನ ವಿಭಾಗವಿಲ್ಲ. ಅಲ್ಲಿಯ ಮನೆಯನ್ನೂ ಬಿಡಬೇಕು. ಇಲ್ಲಿ ಪಾಸ್ಟರಿಗೆ ಕೊಡುವ ಮನೆ ನೋಡಲು ಹೋದ ಹೆಂಡತಿ, ಯಾರೂ ನೋಡದಾಗ ಪರದೆಗೆಂದು ಕಿಟಕಿಗಳನ್ನು ಮೊಳ ಹಾಕಿ ಅಳೆದುಕೊಂಡು ಬಂದಿದ್ದಳು. ಆದರೆ ಅವನ ಸಂಕಟ ಮನೆಯದಲ್ಲ. ಊರೂರಿಗೆ ಪಾಸ್ಟರುಗಳನ್ನು ತಯಾರು ಮಾಡಿ ಕಳಿಸಿದವನಿಗೆ ತನ್ನದೆನ್ನುವ ಒಂದು ಸಭೆ ಇರಲಿಲ್ಲ. ಸಾಯುತ್ತಿರುವವರು ಯಾರೂ ಅವನನ್ನು ಕರೆಸಿದ್ದಿಲ್ಲ. ಒಮ್ಮೆಯಾದರೂ ಕರೆಸಬೇಕು ಎಂಬ ಆಸೆ ಅವನಿಗೆ ಹಸಿವಿನಷ್ಟೇ ನಿಜವಾಗಿತ್ತು. ಅಂಥ ಹಾಸಿಗೆಯ ಪಕ್ಕದಲ್ಲಿ ಏನು ಹೇಳುವುದೆಂದು ಮಾತ್ರ ಯಾವತ್ತೂ ಹೊಳೆದಿರಲಿಲ್ಲ.

“ಆ ಅಜ್ಜಿ ಏನು ಕೇಳಿದ್ಲು, ನೀವೇನು ಹೇಳಿದ್ರಿ?” ಎಂದಳು ಹೆಂಡತಿ.

“ಮೂಲ ಪದದ ಅರ್ಥ ಹೇಳಿದೆ.”

“ಅವಳು ಪದ ಕೇಳ್ಲಿಲ್ಲ.”

“ಮತ್ತೇನು ಹೇಳ್ಬೇಕಿತ್ತು?”

“ಹೂಂ ಅನ್ನಬಹುದಿತ್ತು.” ಜಿಪ್ಪು ಎಳೆದಳು. “ಇಲ್ಲ ಅಂತಾದ್ರೂ ಅನ್ನಬಹುದಿತ್ತು. ನನಗೂ ಗೊತ್ತಾಗ್ತಿತ್ತು.”

ಅವನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಒಂದೇ ಮಂಚದ ಪಕ್ಕ ಪ್ರಾರ್ಥನೆಗೆ ಮೊಣಕಾಲೂರಿದವಳಿಗೆ ಗೊತ್ತಿಲ್ಲವೆಂದರೆ ಏನರ್ಥ? ಯಾಕೆ ಇಷ್ಟು ದಿನ ಕೇಳಲಿಲ್ಲ ಎಂದು ಗದರಿದ. ಕೇಳಿದ್ದರೆ ನನಗೂ ಮೂರಂಶ ಹೇಳುತ್ತಿದ್ದಿರಿ ಎಂದಳು. ಅವನು ಅವಳ ಮುಖವನ್ನೇ ದುರುಗುಟ್ಟಿ ನೋಡಿದ. ಅವಳೂ ಕಣ್ಣು ತಗ್ಗಿಸಲಿಲ್ಲ.

ಗಾಜಿನತ್ತ ತಿರುಗಿದಾಗ ಸಭೆಯ ಕೈಗಳೆಲ್ಲ ಮೇಲೆದ್ದಿದ್ದವು. ಗಂಡಸರ ಕೈ, ಹೆಂಗಸರ ಕೈ, ಕೀಬೋರ್ಡಿನವಳ ಕೈ. ಪಾಸ್ಟರ್ ಏನೋ ಹೇಳುತ್ತಿದ್ದ, ಸದ್ದಿಲ್ಲದೆ ಬಾಯಿ ಆಡುತ್ತಿತ್ತು.

“ಇದು ಮೊದಲನೇದಾ, ಎರಡನೇದಾ?”

“ನಾನು ನೋಡ್ಲಿಲ್ಲ. ನಿಮ್ಮನ್ನ ನೋಡ್ತಿದ್ದೆ.”

ಅವನು ಒಂದೊಂದೇ ಮುಖ ಹುಡುಕಿದ, ಕಂಡದ್ದು ಬೆನ್ನುಗಳೇ. ಪಾಸ್ಟರನ ಕೆನ್ನೆ ಒದ್ದೆಯಾಗಿತ್ತು; ಅವನು ಯಾವುದಕ್ಕೂ ಅಳಬಲ್ಲವನು. ಸ್ಪೀಕರಿನ ತಿರುಪು ತಿರುಗಿಸಿದ. ಅದು ಸುಮ್ಮನೆ ತಿರುಗಿತು. ಕಿವಿಯನ್ನು ಗಾಜಿಗೆ ಒತ್ತಿದ. ತಣ್ಣಗಿತ್ತು.

ಕೈ ಎತ್ತದವಳು ಆ ಮುದುಕಿಯೊಬ್ಬಳೇ. ಅವಳು ಎದ್ದು, ಬೆಂಚು ಹಿಡಿದುಕೊಂಡು ಸಾಲಿನಿಂದ ಹೊರಬಂದು, ನೇರ ಗಾಜಿನ ಬಳಿ ಬಂದು ನಿಂತಳು. ಇವನ ಮುಖದ ಎದುರಿಗೆ ಅವಳ ಮುಖ. ಅಷ್ಟು ಹತ್ತಿರದಿಂದ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಅವಳ ಕಣ್ಣಿನ ಪೊರೆ ಕಂಡಿತು.

“ಇಲ್ಲಮ್ಮ,” ಎಂದ ಅವನು. “ನನ್ಹತ್ರಾನೂ ಮಾತಾಡಲ್ಲ. ಯಾವತ್ತೂ ಮಾತಾಡಿಲ್ಲ.”

ಬೆನ್ನ ಹಿಂದೆ ಜಿಪ್ಪಿನ ಸದ್ದು ನಿಂತಿತು. ಅವನ ಉಸಿರಿಗೆ ಗಾಜು ಮಸುಕಾಯಿತು, ಅಂಗೈಯಿಂದ ಒರೆಸಿದ. ಆಚೆ ಮುದುಕಿ ಹಣೆಗೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು, ಸರಿಯಾಯಿತೆಂಬಂತೆ ಹೋಗಿ ತನ್ನ ಜಾಗದಲ್ಲಿ ಕೂತಳು. ಅವಳ ಮುಂದೆ ಕೈಗಳು ಇನ್ನೂ ಮೇಲೆಯೇ ಇದ್ದವು.